ಹನ್ನೊಂದು ಅಳತೆ, ಹತ್ತು ಬೆರಳು

ಈದ್ ಹತ್ತಿರ ಬಂತೆಂದರೆ ಅರೆಕೆರೆಯ ನಮ್ಮ ಗಲ್ಲಿಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಬನ್ನೇರುಘಟ್ಟ ರಸ್ತೆಯ ಗದ್ದಲದಿಂದ ಎರಡು ತಿರುವು ಒಳಗೆ ಬಂದರೆ ಒಂದು ಕೋಣೆಯ ಮನೆ. ಅಲ್ಲಿ ನಮ್ಮ ದರ್ಜಿ ಖಾಲಾ ಇದ್ದಾರೆ. ಎಷ್ಟೋ ವರ್ಷಗಳಿಂದ ನನ್ನ ಮತ್ತು ನನ್ನ ಹೆಣ್ಣುಮಕ್ಕಳ ಬಟ್ಟೆ ಅವರ ಕೈಯಲ್ಲೇ. ಕೊರಳಿಗೆ ಟೇಪು ಹಾಕಿಕೊಂಡು ಅವರು ಒಂದೊಂದೇ ಅಳತೆ ಹೇಳುತ್ತಾ ಹೋದರೆ, ಸೊಸೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಭುಜ, ತೋಳು, ಎದೆ, ಸೊಂಟ, ಉದ್ದ...

ಈ ಸಲ ಅಳತೆ ತೆಗೆಯುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿದರು.

"ಬೇಟಿ, ನೀನು ಓದಿದವಳು, ಒಂದು ಮಾತು ಕೇಳ್ಲಾ? ಬಟ್ಟೆ ಹೊಲಿದು ಕೊಟ್ಟ ಮೇಲೆ ಅಳತೆ ಬರೆದ ಹಾಳೆ ಹರಿದು ಹಾಕ್ತೀನಿ ನಾನು. ಹೆಣ್ಣುಮಕ್ಕಳ ಮೈ ಅಳತೆ ಬೇರೆಯವರ ಕಣ್ಣಿಗೆ ಬೀಳಬಾರ್ದು ಅಂತ. ನನ್ನ ಮಗನ ಅಳತೆ ತಗೊಂಡ್ರಲ್ಲ, ಅವರು ಅದನ್ನ ಏನ್ ಮಾಡ್ತಾರೆ?"

ಮಗ ಹತ್ತೊಂಬತ್ತರ ಹುಡುಗ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕಳವಾಯಿತೆಂದು ನಾಲ್ವರು ಹುಡುಗರನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು. ಹತ್ತೂ ಬೆರಳುಗಳನ್ನು ಗಾಜಿನ ಮೇಲೆ ಒತ್ತಿಸಿಕೊಂಡರು. ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದರು. ಎತ್ತರ ಅಳೆದರು. ಸಂಜೆ ಮನೆಗೆ ಕಳಿಸಿದರು. ಕದ್ದವನು ಬೇರೊಬ್ಬ ಎಂದು ಎರಡೇ ದಿನದಲ್ಲಿ ತಿಳಿಯಿತು. ಹುಡುಗನ ಮೇಲೆ ಕೇಸಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾರೆ ಖಾಲಾ. ಆದರೆ ಆ ಬೆರಳಚ್ಚು ಎಲ್ಲಿಗೆ ಹೋಯಿತು?

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಲು ಕುಳಿತೆ. ಖಾಲಾ ಕೇಳಿದ್ದು ಇಷ್ಟೇ ಆದರೂ ಸಿಕ್ಕಿದ ಕತೆ ಮಾತ್ರ ದೊಡ್ಡದು. ಅದು ಶುರುವಾಗುವುದು ಪ್ಯಾರಿಸ್ ನಗರದ ಒಂದು ಪೊಲೀಸ್ ಕಚೇರಿಯಲ್ಲಿ.

ಅಲ್ಫೋನ್ಸ್ ಬರ್ತಿಯೋಂ ಎಂಬಾತ 1879ರಲ್ಲಿ ಆ ಕಚೇರಿಗೆ ಗುಮಾಸ್ತನಾಗಿ ಸೇರಿದ. ಸಿಕ್ಕಿಬಿದ್ದ ಕಳ್ಳರ ವಿವರವನ್ನು ಕಾರ್ಡುಗಳಲ್ಲಿ ಬರೆಯುವುದು ಅವನ ಕೆಲಸ. 'ಸಾಧಾರಣ ಎತ್ತರ, ಸಾಧಾರಣ ಮುಖ' ಎಂದು ಬರೆದರೆ ಯಾರನ್ನು ಗುರುತಿಸುವುದು? ಒಮ್ಮೆ ಜೈಲಿಗೆ ಹೋಗಿ ಬಂದವನು ಮುಂದಿನ ಸಲ ಬೇರೆ ಹೆಸರು ಹೇಳಿದರೆ ಮುಗಿಯಿತು, ಅವನು ಹೊಸಬ. ಬರ್ತಿಯೋಂ ಒಂದು ಉಪಾಯ ಹೂಡಿದ. ಬೆಳೆದ ಮನುಷ್ಯನ ಮೂಳೆಯ ಅಳತೆ ಬದಲಾಗುವುದಿಲ್ಲ. ಹಾಗಾದರೆ ಮೂಳೆಯನ್ನೇ ಅಳೆಯೋಣ ಎಂದ. ಎತ್ತರ, ಕುಳಿತಾಗಿನ ಎತ್ತರ, ತಲೆಯ ಉದ್ದ, ತಲೆಯ ಅಗಲ, ಬಲಗಿವಿ, ಎಡಪಾದ, ಎಡಗೈಯ ನಡುಬೆರಳು, ಕಿರುಬೆರಳು... ಹೀಗೆ ಒಟ್ಟು ಹನ್ನೊಂದು ಅಳತೆ. ಅದರಲ್ಲಿ ಎರಡು ನಮಗೆ ಚೆನ್ನಾಗಿ ಗೊತ್ತಿರುವವೇ. ಎರಡೂ ಕೈ ಚಾಚಿದಾಗಿನ ಅಳತೆ ನಮ್ಮ ಮಾರು. ಮೊಣಕೈಯಿಂದ ಬೆರಳ ತುದಿಯವರೆಗಿನದು ಮೊಳ. ಅಜ್ಜಿಯಂದಿರು ಮಲ್ಲಿಗೆ ದಂಡೆ ಕೊಳ್ಳುವಾಗ ಹೂವಾಡಗಿತ್ತಿಯ ಮೊಳ ಚಿಕ್ಕದೆಂದು ಜಗಳ ತೆಗೆಯುತ್ತಿದ್ದರಲ್ಲ, ಅದೇ ಮೊಳ.

ಇಬ್ಬರ ಎತ್ತರ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಂಡರೆ, ಹನ್ನೊಂದೂ ಅಳತೆ ಒಂದೇ ಆಗಿರುವ ಸಾಧ್ಯತೆ ನಲವತ್ತು ಲಕ್ಷದಲ್ಲಿ ಒಂದು. ಇದು ಅವನ ಲೆಕ್ಕ. ಮೇಲಧಿಕಾರಿಗಳು ಮೊದಲು ನಕ್ಕರಂತೆ. 1883ರ ಫೆಬ್ರವರಿಯಲ್ಲಿ ಡ್ಯೂಪಾಂ ಎಂದು ಹೆಸರು ಹೇಳಿಕೊಂಡ ಒಬ್ಬನನ್ನು ಅಳೆದು, 'ನೀನು ಎರಡು ತಿಂಗಳ ಹಿಂದೆ ಮಾರ್ತಾಂ ಎಂಬ ಹೆಸರಿನಲ್ಲಿ ಬಂದವನು' ಎಂದು ಕಾರ್ಡು ತೆಗೆದು ತೋರಿಸಿದ ಮೇಲೆ ನಗು ನಿಂತಿತು. 1884ರ ಒಂದೇ ವರ್ಷದಲ್ಲಿ ಹೀಗೆ ಗುರುತು ಸಿಕ್ಕವರು 241 ಮಂದಿ. ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯುವ ಪದ್ಧತಿಯನ್ನು ಪೊಲೀಸರಿಗೆ ರೂಢಿ ಮಾಡಿಸಿದವನೂ ಇವನೇ. ಖಾಲಾ ಮಗನನ್ನು ಗೋಡೆಗೆ ನಿಲ್ಲಿಸಿದ್ದು ಆ ಪದ್ಧತಿಯಂತೆಯೇ. ಅಂದಹಾಗೆ ಬರ್ತಿಯೋಂನ ಬರವಣಿಗೆ ಕಾಗೆ ಕಾಲಿನಂತಿತ್ತು. ಅವನ ಸಾವಿರಾರು ಕಾರ್ಡುಗಳನ್ನು ಅಂದವಾಗಿ ತುಂಬಿಕೊಟ್ಟವಳು ಅಮೇಲಿ ಎಂಬ ಆಸ್ಟ್ರಿಯಾದ ಹೆಣ್ಣುಮಗಳು. ಆಮೇಲೆ ಅವರಿಬ್ಬರೂ ಮದುವೆಯಾದರು. ಪದ್ಧತಿಗೆ ಬಂದ ಹೆಸರು ಮಾತ್ರ ಅವನದೊಂದೇ, ಬರ್ತಿಯೋನೇಜ್.

ಆದರೆ ಆ ನಲವತ್ತು ಲಕ್ಷದ ಲೆಕ್ಕದಲ್ಲಿ ಒಂದು ತಪ್ಪಿತ್ತು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅದನ್ನು ಹಿಡಿದ. ಉದ್ದ ಕಾಲಿನವನ ಕೈಯೂ ಸಾಮಾನ್ಯವಾಗಿ ಉದ್ದವೇ ಇರುತ್ತದೆ. ಒಂದು ಅಳತೆ ಗೊತ್ತಾದರೆ ಇನ್ನೊಂದನ್ನು ಅರ್ಧ ಊಹಿಸಬಹುದು. ಹಾಗಿರುವಾಗ ಹನ್ನೊಂದನ್ನೂ ಬೇರೆಬೇರೆ ಎಂದು ಗುಣಿಸಿದರೆ ಲೆಕ್ಕ ತಪ್ಪುತ್ತದೆ. ನಾನು ಇದನ್ನು ಖಾಲಾಗೆ ಹೇಳಿದಾಗ, "ಇದಕ್ಕೆ ವಿಜ್ಞಾನಿ ಬೇಕಾ? ಕುರ್ತಾ ಉದ್ದ ನೋಡಿದ್ರೆ ತೋಳಿನ ಉದ್ದ ನಾನೇ ಹೇಳ್ತೀನಿ" ಎಂದರು!

ಈ ಅಳತೆಯ ಹುಚ್ಚು ನಮ್ಮ ದೇಶಕ್ಕೂ ಬಂತು. 1892ರಲ್ಲಿ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಅದನ್ನು ಕಲ್ಕತ್ತದಲ್ಲಿ ಜಾರಿಗೆ ತಂದ. ದಕ್ಷಿಣದಲ್ಲಿ ಮದ್ರಾಸ್ ವಸ್ತು ಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಪೊಲೀಸರಿಗೆ ಇದರ ಪಾಠ ಹೇಳಿದ. ಥರ್ಸ್ಟನ್‌ನದು ಇನ್ನೊಂದು ಕೆಲಸವೂ ಇತ್ತು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಜನರ ತಲೆ, ಮೂಗು ಅಳೆಯುತ್ತಾ ಊರೂರು ತಿರುಗುವುದು. ಜನ ಹೆದರಿ ಓಡುತ್ತಿದ್ದರು. ನಮ್ಮ ಗಡಿಯಾಚೆಯ ವಯನಾಡಿನ ಪಣಿಯ ಹೆಂಗಸರು, ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ ಒಣಹುಲ್ಲು ತುಂಬಿ ಮದ್ರಾಸಿನಲ್ಲಿ ನಿಲ್ಲಿಸುತ್ತಾರೆಂದು ನಂಬಿದ್ದರಂತೆ. ನೀಲಗಿರಿಯ ಒಬ್ಬ ಇರುಳನಿಗೆ ಎತ್ತರ ಅಳೆಯುವ ಕಂಬ ಗಲ್ಲುಗಂಬದಂತೆ ಕಂಡಿತು, ಹತ್ತಿರ ಸುಳಿಯಲಿಲ್ಲ. ಥರ್ಸ್ಟನ್ ಇದನ್ನೆಲ್ಲ ತಮಾಷೆಯೆಂದು ಬರೆದಿಟ್ಟಿದ್ದಾನೆ. ನನಗೆ ನಗು ಬರಲಿಲ್ಲ. ಕೈಯಲ್ಲಿ ಅಳತೆಗೋಲು ಹಿಡಿದು ಬಂದ ಸರಕಾರದವರು ಒಳ್ಳೆಯದಕ್ಕೆ ಬಂದಿಲ್ಲವೆಂದು ಆ ಬಡವರಿಗೆ ಅನ್ನಿಸಿದ್ದರಲ್ಲಿ ತಪ್ಪೇನು?

ಏಕೆಂದರೆ ಆಗ ಇನ್ನೊಂದು ಕಾನೂನೂ ಇತ್ತು. 1871ರ 'ಕ್ರಿಮಿನಲ್ ಬುಡಕಟ್ಟು' ಕಾಯ್ದೆ. ಅದರ ಪ್ರಕಾರ ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು. 1911ರ ಕಾಯ್ದೆಯಲ್ಲಿ, ಹೆಸರು ನೋಂದಾಯಿಸಿದ ಯಾರ ಬೆರಳಚ್ಚನ್ನಾದರೂ ಯಾವಾಗ ಬೇಕಾದರೂ ತೆಗೆಯಬಹುದೆಂದು ಬರೆದರು. ನಮ್ಮ ಹುಬ್ಬಳ್ಳಿ, ಗದಗ, ಬಿಜಾಪುರದಲ್ಲಿ ಬೇಲಿ ಹಾಕಿದ ಸೆಟ್ಲ್‌ಮೆಂಟುಗಳನ್ನು ಕಟ್ಟಿ, ಸಂಸಾರಗಳನ್ನು ಇಡಿಯಾಗಿ ಅಲ್ಲಿಟ್ಟು ಹಾಜರಿ ಕರೆಯುತ್ತಿದ್ದರು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು. ಹುಬ್ಬಳ್ಳಿಯಲ್ಲಿ ಆಟೊದವರಿಗೆ 'ಸೆಟ್ಲ್‌ಮೆಂಟ್' ಎಂದರೆ ಈಗಲೂ ಸಾಕು, ಕರೆದುಕೊಂಡು ಹೋಗುತ್ತಾರೆ. ಬೇಲಿ ಹೋಗಿದೆ, ಹೆಸರು ಉಳಿದಿದೆ.

ಈಗ ಕಲ್ಕತ್ತಕ್ಕೆ ಬರೋಣ. ಇಲ್ಲಿ ನಾವೆಲ್ಲ ತಿಳಿದಿರಬೇಕಾದ, ಆದರೆ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ನಾನೆಂದೂ ಕಾಣದ ಒಂದು ಹೆಸರಿದೆ. ಖಾಝಿ ಅಝೀಝುಲ್ ಹಕ್.

ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾ ಜಿಲ್ಲೆಯ ಒಂದು ಹಳ್ಳಿಯಲ್ಲಿ 1872ರಲ್ಲಿ ಹುಟ್ಟಿದವರು. ಹುಡುಗನಿಗೆ ಹಸಿವು ಜಾಸ್ತಿ, ಊಟದ ವಿಷಯಕ್ಕೆ ಅಣ್ಣ ಹೊಡೆದದ್ದರಿಂದ ಮನೆ ಬಿಟ್ಟು ಕಲ್ಕತ್ತಕ್ಕೆ ಓಡಿಹೋದ ಎಂಬ ಕತೆಯೊಂದಿದೆ. ಅಲ್ಲಿ ಯಾರದೋ ಆಸರೆಯಲ್ಲಿ ಓದಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದಲ್ಲಿ ಹೆಸರು ಮಾಡಿದರು. ಎಡ್ವರ್ಡ್ ಹೆನ್ರಿಗೆ ಗಣಿತ ಬಲ್ಲ ಒಬ್ಬರು ಬೇಕಾಗಿತ್ತು. ಹಕ್ ಪೊಲೀಸ್ ಇಲಾಖೆಗೆ ಸೇರಿದರು. ಮೊದಲು ಅವರಿಗೆ ಕೊಟ್ಟದ್ದು ಇದೇ ದೇಹದ ಅಳತೆಯ ಕೆಲಸ. ಅದರ ಕಷ್ಟ ಅವರಿಗೆ ಬೇಗ ತಿಳಿಯಿತು. ಒಬ್ಬ ಸಿಪಾಯಿ ಅಳೆದದ್ದಕ್ಕೂ ಇನ್ನೊಬ್ಬ ಅಳೆದದ್ದಕ್ಕೂ ತಾಳೆಯಾಗದು. ಬೆಳೆಯುವ ಮಕ್ಕಳಿಗೆ ಹೊಂದದು. ಹೆಂಗಸರ ಮೈಗೆ ಗಂಡಸು ಸಿಪಾಯಿ ಇಕ್ಕುಳ ಹಚ್ಚುವುದೆಂದರೆ ಊರು ಸುಮ್ಮನಿರುತ್ತಿತ್ತೇ?

ಬೆರಳಚ್ಚು ಆಗ ಹೊಸದೇನಾಗಿರಲಿಲ್ಲ. 1858ರಲ್ಲೇ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಯ ಗುರುತನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡಿದ್ದ. ಒಬ್ಬರ ಬೆರಳಿನಂತೆ ಇನ್ನೊಬ್ಬರದಿಲ್ಲ ಎಂದು ಗಾಲ್ಟನ್ 1892ರಲ್ಲಿ ಪುಸ್ತಕ ಬರೆದಿದ್ದ. ಬಾಕಿ ಉಳಿದಿದ್ದದ್ದು ಒಂದೇ ಪ್ರಶ್ನೆ. ಲಕ್ಷ ಕಾರ್ಡುಗಳ ಗುಡ್ಡೆಯಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ? ಹೆಸರಿನಿಂದ ಹುಡುಕುವಂತಿಲ್ಲ, ಹೆಸರೇ ಸುಳ್ಳು.

ಇದನ್ನು ಬಿಡಿಸಿದ್ದು ಹಕ್. ಅವರ ವಿಧಾನವನ್ನು ಮನೆಯಲ್ಲಿ ಕುಳಿತು ನೀವೇ ಮಾಡಿ ನೋಡಬಹುದು. ನಿಮ್ಮ ಹತ್ತು ಬೆರಳುಗಳ ತುದಿಯನ್ನು ಬೆಳಕಿಗೆ ಹಿಡಿಯಿರಿ. ಕೆಲವು ಬೆರಳಲ್ಲಿ ಗೆರೆಗಳು ಮಗುವಿನ ನೆತ್ತಿಯ ಸುಳಿಯಂತೆ ಸುತ್ತಿಕೊಂಡಿರುತ್ತವೆ. ಕೆಲವದರಲ್ಲಿ ಸುಳಿ ಇಲ್ಲ, ಗೆರೆಗಳು ಬಂದ ಕಡೆಗೇ ಬಾಗಿ ಹಿಂದಿರುಗುತ್ತವೆ ಅಥವಾ ಕಮಾನಿನಂತೆ ದಾಟಿಹೋಗುತ್ತವೆ. ಪ್ರತಿ ಬೆರಳಿಗೂ ಒಂದೇ ಪ್ರಶ್ನೆ, ಸುಳಿ ಇದೆಯೇ, ಇಲ್ಲವೇ? ಹತ್ತು ಬೆರಳಿಗೆ ಹತ್ತು 'ಇದೆ-ಇಲ್ಲ'. ಎರಡನ್ನು ಹತ್ತು ಸಲ ಗುಣಿಸಿದರೆ 1024. ಬೆರಳಿನ ಜೋಡಿಗಳಿಗೆ 16, 8, 4, 2, 1 ಎಂದು ಬೆಲೆ ಕಟ್ಟಿ, ಸುಳಿ ಇದ್ದ ಕಡೆ ಕೂಡಿಸುತ್ತಾ ಹೋದರೆ ಪ್ರತಿಯೊಬ್ಬರ ಕಾರ್ಡು 1024 ಗೂಡುಗಳಲ್ಲಿ ಒಂದರೊಳಗೆ ತಾನಾಗಿಯೇ ಹೋಗಿ ಕೂರುತ್ತದೆ. ಅಡ್ಡಕ್ಕೆ 32, ಉದ್ದಕ್ಕೆ 32 ಗೂಡುಗಳ ಬೀರು. ಲಕ್ಷ ಕಾರ್ಡಿನ ಬದಲು ಒಂದು ಗೂಡಿನ ಕಾರ್ಡು ನೋಡಿದರಾಯಿತು. ಹಕ್‌ರ ಜೊತೆಗಿದ್ದ ಹೇಮಚಂದ್ರ ಬೋಸ್ ಅದಕ್ಕೆ ಇನ್ನಷ್ಟು ಒಳವಿಂಗಡಣೆ ಮಾಡಿ, ಬೆರಳಚ್ಚಿನ ವಿವರವನ್ನು ತಂತಿಯಲ್ಲಿ ಕಳಿಸುವ ಸಂಕೇತವನ್ನೂ ರಚಿಸಿದರು. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ ಆರಂಭವಾಯಿತು. ಇಕ್ಕುಳ, ಅಳತೆಗೋಲು ಮೂಲೆ ಸೇರಿದವು.

ಇದಕ್ಕೆ ಬಂದ ಹೆಸರು 'ಹೆನ್ರಿ ಪದ್ಧತಿ'. 1900ರಲ್ಲಿ ಹೆನ್ರಿ ಪುಸ್ತಕ ಬರೆದ, 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದ, ಸರ್ ಎನಿಸಿಕೊಂಡ. ಹಕ್ ಬಿಹಾರದಲ್ಲಿ ಪೊಲೀಸ್ ಅಧಿಕಾರಿಯಾಗಿ ನಿವೃತ್ತರಾದರು. ತಮಗೆ ಸಲ್ಲಬೇಕಾದ ಮನ್ನಣೆಗಾಗಿ ಅವರೇ ಸರಕಾರಕ್ಕೆ ಬರೆದುಕೊಳ್ಳಬೇಕಾಯಿತು. ಖಾನ್ ಬಹಾದ್ದೂರ್ ಬಿರುದು, 5000 ರೂಪಾಯಿ ಸಂಭಾವನೆ ದೊರೆಯಿತು. ತನ್ನ ಸಿಬ್ಬಂದಿಯಲ್ಲಿ ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ದುಡಿದವರು ಹಕ್ ಎಂದು ಹೆನ್ರಿ ಒಪ್ಪಿಕೊಂಡು ಬರೆದದ್ದು 1926ರಲ್ಲಿ. 1935ರಲ್ಲಿ ಹಕ್ ಚಂಪಾರಣ್‌ನ ಮೋತಿಹಾರಿಯಲ್ಲಿ ತೀರಿಕೊಂಡರು. ಈಗ ಇಂಗ್ಲೆಂಡಿನ ಬೆರಳಚ್ಚು ತಜ್ಞರ ಸಂಘ ಹಕ್ ಮತ್ತು ಬೋಸ್ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿದೆ. ನಮ್ಮ ಮಕ್ಕಳಿಗೆ ಗಣಿತ ಯಾಕೆ ಬೇಕು ಎಂದು ಕೇಳುವವರಿಗೆ ನಾನಂತೂ ಇನ್ನು ಮುಂದೆ ಈ ಕತೆ ಹೇಳುವವಳಿದ್ದೇನೆ.

ದೇಹ ನೋಡಿ ಗುರುತಿಸುವ ವಿದ್ಯೆ ಅರಬರಲ್ಲಿ ಬಹಳ ಹಿಂದೆಯೇ ಇತ್ತು. ಹೆಜ್ಜೆ, ಪಾದ ನೋಡಿ ವಂಶ ಹೇಳುವವರಿದ್ದರು. ಝೈದ್(ರ) ಮತ್ತು ಅವರ ಮಗ ಉಸಾಮ(ರ)ರ ಪ್ರಸಂಗ ನಿಮಗೆ ಗೊತ್ತಿರಬಹುದು. ತಂದೆ ಬೆಳ್ಳಗೆ, ಮಗ ಕಪ್ಪು. ಜನ ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡರೆ ಪೆಟ್ಟು ಬೀಳುವುದು ಯಾರ ಮೇಲೆ? ತಾಯಿ ಉಮ್ಮು ಐಮನ್(ರ)ರ ಮೇಲೆ. ಒಂದು ದಿನ ಇಬ್ಬರೂ ಹೊದಿಕೆಯಡಿ ಮಲಗಿದ್ದಾಗ ಪಾದಗಳು ಮಾತ್ರ ಕಾಣುತ್ತಿದ್ದವು. ಮುಜಝ್ಝಿಝ್ ಎಂಬ ಪಾದತಜ್ಞ ಅತ್ತ ಬಂದವನು, ಯಾರದೆಂದು ಮುಖ ನೋಡದೆಯೇ ಈ ಪಾದಗಳು ಒಂದೇ ರಕ್ತದವು ಎಂದುಬಿಟ್ಟ. ಪ್ರವಾದಿ(ಸ)ರು ಹರ್ಷದಿಂದ ಹೊಳೆಯುವ ಮುಖದೊಂದಿಗೆ ಬಂದು ಅದನ್ನು ತಿಳಿಸಿದರೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಅಲ್ಲಿ ಪಾದದ ಗುರುತು ಒಬ್ಬ ಹೆಣ್ಣಿನ ಮೇಲಿನ ಸಂಶಯವನ್ನು ತೊಳೆಯಿತು. ಅದೇ ದೇಹದ ಗುರುತು ಸಂಶಯವನ್ನು ಅಂಟಿಸಲೂಬಹುದು.

2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬುಗಳು ಸಿಡಿದು 191 ಮಂದಿ ಸತ್ತರು. ಸಿಕ್ಕಿದ ಒಂದು ಚೀಲದ ಮೇಲಿನ ಬೆರಳ ಗುರುತನ್ನು ಅಮೆರಿಕದ ಎಫ್‌ಬಿಐ ತನ್ನ ಕಂಪ್ಯೂಟರಿಗೆ ಹಾಕಿತು. ಯಂತ್ರ ಹೋಲಿಕೆಯಿರುವ ಇಪ್ಪತ್ತು ಹೆಸರು ಕೊಟ್ಟಿತು. ಅದರಲ್ಲಿ ಒಬ್ಬರು ಆರೆಗಾನ್ ರಾಜ್ಯದ ವಕೀಲ ಬ್ರಾಂಡನ್ ಮೇಫೀಲ್ಡ್. ಸೈನ್ಯದಲ್ಲಿದ್ದವರಾದ್ದರಿಂದ ಅವರ ಬೆರಳಚ್ಚು ಸರಕಾರದ ಬಳಿ ಇತ್ತು. ಅವರು ಇಸ್ಲಾಮ್ ಸ್ವೀಕರಿಸಿದವರು, ಪತ್ನಿ ಮೋನಾ ಈಜಿಪ್ಟ್ ಮೂಲದವರು, ಮೂವರು ಮಕ್ಕಳು. ಎಫ್‌ಬಿಐಯ ತಜ್ಞರು ಒಬ್ಬರಾದ ಮೇಲೊಬ್ಬರು ಇದು ಅವರದೇ ಬೆರಳು ಎಂದರು. ಸ್ಪೇನಿನ ಪೊಲೀಸರು ಒಪ್ಪದಿದ್ದರೂ ಕೇಳಲಿಲ್ಲ. ಮೇಫೀಲ್ಡ್ ಕುಟುಂಬ ಮನೆಯಲ್ಲಿಲ್ಲದಾಗ ಒಳಗೆ ಹೋಗಿ ಗುಟ್ಟಾಗಿ ಶೋಧಿಸಿದರು. ಮೋನಾ ಒಂದು ದಿನ ಮನೆಗೆ ಬಂದಾಗ, ತಾವೆಂದೂ ಹಾಕದ ಚಿಲಕ ಹಾಕಿತ್ತು. ಕಳ್ಳರೇನೋ ಎಂದುಕೊಂಡರು. ಇದನ್ನು ಓದುವಾಗ ನನಗೆ ನನ್ನ ಮನೆಯ ಚಿಲಕ ನೆನಪಾಯಿತು. ಮನೆಯೊಡತಿಗೆ ಮಾತ್ರ ಗೊತ್ತಾಗುವ ಸಂಗತಿ ಅದು, ಅಲ್ಲವೇ?

ಮೇ 6ರಂದು ಬಂಧಿಸಿದರು. ಎರಡು ವಾರದ ನಂತರ ಆ ಗುರುತು ಅಲ್ಜೀರಿಯಾದ ಬೇರೊಬ್ಬನದೆಂದು ಸ್ಪೇನ್ ಹೇಳಿದ ಮೇಲೆ ಬಿಟ್ಟರು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಸರಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಮೊದಲು ಹೆಸರು ಆರಿಸಿದ್ದು ಧರ್ಮ ನೋಡಿ ಅಲ್ಲ ಎಂದು ಆಮೇಲಿನ ತನಿಖೆ ಹೇಳಿತು. ಆದರೆ ತಪ್ಪನ್ನು ಮತ್ತೆ ನೋಡುವ ಮನಸ್ಸು ಬೇಗ ಬಾರದಿರುವುದಕ್ಕೆ ಅವರ ಧರ್ಮವೂ ಒಂದು ಕಾರಣವಾಗಿದ್ದಿರಬಹುದು ಎಂದೂ ಹೇಳಿತು. ಬೆರಳು ಸುಳ್ಳು ಹೇಳುವುದಿಲ್ಲ, ನಿಜ. ಬೆರಳನ್ನು ಓದುವುದು ಮನುಷ್ಯರು.

ಇನ್ನು ಖಾಲಾ ಪ್ರಶ್ನೆಗೆ ಬರುತ್ತೇನೆ. ಬ್ರಿಟಿಷರ ಕಾಲದ 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆ ನೂರು ವರ್ಷ ನಡೆಯಿತು. ಅದರಲ್ಲಿ 'ಅಳತೆ' ಎಂದರೆ ಮುಖ್ಯವಾಗಿ ಬೆರಳಿನ ಮತ್ತು ಪಾದದ ಗುರುತು. 2022ರಲ್ಲಿ ಅದರ ಜಾಗಕ್ಕೆ ಹೊಸ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ ಬಂತು, ಆ ವರ್ಷದ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಈಗ ಅಳತೆಯೆಂದರೆ ಬೆರಳು, ಅಂಗೈ, ಪಾದ, ಫೋಟೊ, ಕಣ್ಣಿನ ಪಾಪೆ, ರಕ್ತದಂಥ ಜೈವಿಕ ಮಾದರಿ, ಸಹಿ, ಕೈಬರಹ ಎಲ್ಲವೂ. ದಿಲ್ಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದಲ್ಲಿ ಅದನ್ನು 75 ವರ್ಷ ಇಡಬಹುದು. ಹತ್ತೊಂಬತ್ತರ ಹುಡುಗನಿಗೆ 75 ವರ್ಷವೆಂದರೆ ಪೂರಾ ಆಯುಷ್ಯ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ಗಂಡುಮಕ್ಕಳಿರುವ ತಾಯಂದಿರು ದಯವಿಟ್ಟು ಗಮನವಿಟ್ಟು ಓದಿ. ಅಳತೆ ತೆಗೆಯಬಹುದಾದದ್ದು ಶಿಕ್ಷೆಯಾದವರದು, ಬಂಧನಕ್ಕೆ ಒಳಗಾದವರದು, ಅಥವಾ ಒಳ್ಳೆಯ ನಡತೆಗೆ ಜಾಮೀನು ಬರೆದುಕೊಡಬೇಕೆಂದು ಆದೇಶವಾದವರದು. ಉಳಿದವರದು ಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 'ಸುಮ್ಮನೆ ವಿಚಾರಿಸಲು ಕರೆದಿದ್ದೇವೆ' ಎಂದರೆ ಅದು ಬಂಧನವಲ್ಲ. ಬಂಧನವಾಗಿದ್ದರೆ ಅದಕ್ಕೆ ಕಾಗದ ಇರಬೇಕು, ಮನೆಯವರಿಗೆ ತಿಳಿಸಬೇಕು. ಬಂಧನವಾಗಿದ್ದಾಗ ಬೆರಳಚ್ಚು ಕೊಡುವುದಿಲ್ಲವೆಂದು ಹಟ ಹಿಡಿಯುವುದೂ ಅಪರಾಧವೇ, ಮೂರು ತಿಂಗಳವರೆಗೆ ಸಜೆಯಾಗಬಹುದು. ಆದ್ದರಿಂದ ಠಾಣೆಯಲ್ಲಿ ಜಗಳಕ್ಕೆ ಇಳಿಯಬೇಡಿರೆಂದು ಮಕ್ಕಳಿಗೆ ಹೇಳಿ. ರಕ್ತದಂಥ ಮಾದರಿಯ ವಿಷಯ ಬೇರೆ. ಆರೋಪ ಹೆಣ್ಣು ಅಥವಾ ಮಗುವಿನ ವಿರುದ್ಧದ್ದಲ್ಲದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯದ್ದೂ ಅಲ್ಲದಿದ್ದರೆ ಕೊಡುವುದಿಲ್ಲ ಎನ್ನಬಹುದು. ಬಂಧಿತಳು ಹೆಣ್ಣಾಗಿದ್ದರೆ, ವೈದ್ಯಕೀಯ ತಪಾಸಣೆ ಮಹಿಳಾ ವೈದ್ಯರಿಂದ ಅಥವಾ ಅವರ ಉಸ್ತುವಾರಿಯಲ್ಲೇ ನಡೆಯಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ.

ಇನ್ನೊಂದು ಸಾಲು ಖಾಲಾಗೆ ಬೇಕಾದದ್ದು. ಹಿಂದೆ ಜೈಲು ಶಿಕ್ಷೆಯಾಗಿರದ ವ್ಯಕ್ತಿಯನ್ನು ವಿಚಾರಣೆಯಿಲ್ಲದೆ ಬಿಟ್ಟರೆ, ಅಥವಾ ನ್ಯಾಯಾಲಯ ಖುಲಾಸೆ ಮಾಡಿ ಅಪೀಲುಗಳೆಲ್ಲ ಮುಗಿದರೆ, ತೆಗೆದುಕೊಂಡ ಅಳತೆಗಳನ್ನು ದಾಖಲೆಯಿಂದ ನಾಶಮಾಡಬೇಕು. ನ್ಯಾಯಾಲಯ ಕಾರಣ ಬರೆದು ಬೇಡವೆಂದರೆ ಮಾತ್ರ ಉಳಿಸಬಹುದು. ಆದರೆ ನಿಯಮಗಳ ಪ್ರಕಾರ ಇದಕ್ಕೆ ರಾಜ್ಯ ಸರಕಾರ ಗೊತ್ತುಮಾಡಿದ ನೋಡಲ್ ಅಧಿಕಾರಿಗೆ ಅರ್ಜಿ ಕೊಡಬೇಕು. ತಾನಾಗಿ ಅಳಿಸಿಹೋಗುತ್ತದೆಂದು ಮನೆಯಲ್ಲಿ ಕುಳಿತರೆ ಆಗುವುದಿಲ್ಲ. ನನಗೆ ಇದು ತಲೆಕೆಳಗಾದ ನ್ಯಾಯವೆನಿಸುತ್ತದೆ. ಕೇಳದೆ ತೆಗೆದುಕೊಂಡವರು ಕೇಳಿಸಿಕೊಳ್ಳದೆಯೇ ಅಳಿಸಬೇಕಲ್ಲವೇ?

ದೇಹದ ಗುರುತು ಯಾರದು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದ ದೊಡ್ಡ ಮೊಕದ್ದಮೆಗಳಲ್ಲಿ ಎರಡು ನಮ್ಮ ಕರ್ನಾಟಕದವೇ. 2000ರ ದಶಕದಲ್ಲಿ ನಾರ್ಕೋ ಪರೀಕ್ಷೆ ಎಂದರೆ ಪತ್ರಿಕೆಗಳಲ್ಲಿ ಬೆಂಗಳೂರಿನದೇ ಸುದ್ದಿ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ನಮ್ಮ ಅರೆಕೆರೆಯಿಂದ ಹೆಚ್ಚು ದೂರವೇನಲ್ಲ. ಸೂಜಿ ಚುಚ್ಚಿ ಬಾಯಿ ಬಿಡಿಸುವುದು, ಮಿದುಳಿನ ಅಲೆ ಅಳೆಯುವುದು ಇವೆಲ್ಲ ಒಪ್ಪಿಗೆಯಿಲ್ಲದೆ ಕೂಡದು ಎಂದು 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಪಾಯಿತು. ಎರಡನೆಯದು ಆಧಾರ್‌ನದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು ಆ ಅರ್ಜಿಯಿಂದ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರಲ್ಲಿ ತೀರಿಕೊಂಡರು. ಆಧಾರ್‌ಗೆ ಕೊಟ್ಟ ಬೆರಳಚ್ಚನ್ನು ಬೇರೆ ಯಾರಿಗೂ ಕೊಡಬಾರದೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಠಾಣೆಯಲ್ಲಿ ಕೊಟ್ಟದ್ದು ಬೇರೆ ದಾಖಲೆ. ಎರಡನ್ನೂ ಒಂದೆಂದು ತಿಳಿದು ಹೆದರಬೇಡಿ.

ಇದನ್ನೆಲ್ಲ ಖಾಲಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ, "ಹಾಗಾದ್ರೆ ಮಗನಿಗೆ ಅವತ್ತು ಕಾಗದ ಕೊಟ್ಟಿದ್ರಾ?" ಹುಡುಗನನ್ನು ಕರೆದು ಕೇಳಿದೆವು. ಯಾವ ಕಾಗದವೂ ಇಲ್ಲ. ಸಹಿ ಹಾಕಿಸಿಕೊಂಡದ್ದೂ ಇಲ್ಲ.

ಖಾಲಾ ಕೈ ಒರೆಸಿಕೊಂಡು ತಮ್ಮ ಬೆರಳುಗಳನ್ನು ನನ್ನ ಮುಂದೆ ಹಿಡಿದರು. ಸೂಜಿ, ಸೋಪು, ಪಾತ್ರೆಗಳಲ್ಲಿ ಸವೆದು ತುದಿಗಳು ನುಣ್ಣಗಾಗಿವೆ. ರೇಶನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಎರಡು ಮೂರು ಸಲ ಇವರನ್ನು ಯಾರೆಂದು ಗುರುತಿಸುವುದಿಲ್ಲ. "ಅಕ್ಕಿ ಕೊಡೋಕೆ ನಾನು ಯಾರು ಅಂತ ಮೆಷಿನ್ನಿಗೆ ಗೊತ್ತಾಗಲ್ಲ. ನನ್ನ ಮಗ ಯಾರು ಅಂತ ಮಾತ್ರ ಎಪ್ಪತ್ತೈದು ವರ್ಷ ನೆನಪಿಟ್ಕೋತದಾ?" ಎಂದರು.

ಅರ್ಜಿ ಕನ್ನಡದಲ್ಲೇ ಬರೆದುಕೊಡು ಎಂದರು. ಅಲ್ಲೇ ಮೆಷಿನ್ನಿನ ಹಲಗೆಯ ಮೇಲೆ ಕುಳಿತು ಒಂದೂವರೆ ಪುಟ ಬರೆದೆ. ಹುಡುಗ ಸಹಿ ಹಾಕಿದ, ನಕಲು ತೆಗೆದಿಟ್ಟುಕೊಂಡು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ತಲುಪಿದ ರಸೀದಿ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.